ಹರಿಹರದ ಮನೆಗೆ ಎಡಿಟಿಂಗ್ ಕಂಪ್ಯೂಟರ್

ಬೆನ್ನಿನ ಶಸ್ತ್ರಚಿಕಿತ್ಸೆ ಆದ ಮೇಲೆ ನಮ್ಮ ಹಿರಿಯ ಕ್ಯಾಮೆರಾಮನ್‌ಗೆ ವೈದ್ಯರು ಮೂರು ಮಾತು ಹೇಳಿದ್ದರು. ಭಾರ ಎತ್ತಬಾರದು, ದಿನಾ ಬಸ್ಸಿನಲ್ಲಿ ಓಡಾಡಬಾರದು, ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮ ಕೂರಬಾರದು. ಇಪ್ಪತ್ತು ವರ್ಷ ಹೆಗಲ ಮೇಲೆ ಕ್ಯಾಮೆರಾ ಹೊತ್ತವರ ಕೆಲಸ ಹೋಗಲು ಈ ಮೂರರಲ್ಲಿ ಮೊದಲನೆಯದೊಂದೇ ಸಾಕಿತ್ತು.

ನಾನು ದಾವಣಗೆರೆಯಲ್ಲಿ ಒಂದು ಸ್ಥಳೀಯ ಸುದ್ದಿವಾಹಿನಿಯಲ್ಲಿ ಸುದ್ದಿ ತಿದ್ದುವ ಡೆಸ್ಕ್ ನೋಡಿಕೊಳ್ಳುತ್ತೇನೆ. ನಮ್ಮ ಕೇಂದ್ರ ಕಚೇರಿ ಬೇರೆ ಊರಿನಲ್ಲಿದೆ. ಅಲ್ಲಿನ ಬುಲೆಟಿನ್ ಮುಖ್ಯಸ್ಥರ ಜೊತೆ ಎರಡು ಮೂರು ಸಲ ಮಾತಾಡಿದ ಮೇಲೆ ಒಂದು ಏರ್ಪಾಡಾಯಿತು. ಕ್ಯಾಮೆರಾಮನ್ ಹರಿಹರದ ತಮ್ಮ ಮನೆಯಲ್ಲೇ ಕೂತು ಸುದ್ದಿ ಎಡಿಟ್ ಮಾಡಬೇಕು. ಹನ್ನೆರಡು ಕೆಲಸದ ದಿನ ಪರೀಕ್ಷೆ. ದಿನಕ್ಕೊಂದು ವರದಿ, ಸಂಜೆ ಐದರೊಳಗೆ ನಮ್ಮ ಕೈಗೆ ಬರಬೇಕು, ಆರರ ಬುಲೆಟಿನ್‌ಗೆ ಹೋಗಬೇಕು. ಪ್ರತಿದಿನದ ಟಿಪ್ಪಣಿ ನಾನು ಬರೆದು ಕಳಿಸಬೇಕು. ತೃಪ್ತಿಯಾದರೆ ಅವರ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲವಾದರೆ ಆ ತಿಂಗಳಿಗೇ ಮುಗಿಯುತ್ತದೆ. ಕಂಪ್ಯೂಟರ್ ಮಾತ್ರ ಕ್ಯಾಮೆರಾಮನ್‌ರೇ ಕೊಳ್ಳಬೇಕು.

"ಎಡಿಟಿಂಗ್ ಕಲ್ತಿದ್ದು ನಿನ್ ಪಕ್ಕ ನಿಂತ್ಕೊಂಡೇ. ಕಂಪ್ಯೂಟರ್ ಒಳಗೆ ಏನಿರ್ತೈತೋ ನಂಗೊತ್ತಿಲ್ಲ ತಂಗಿ. ನೀನೇ ಆರಿಸಿಬಿಡು" ಎಂದರು. ಅವರು ನನ್ನನ್ನು ಮೊದಲಿಂದಲೂ ತಂಗಿ ಎಂದೇ ಕರೆಯುವುದು. ಅವರ ಹೆಂಡತಿಯ ಚೀಟಿ ಎತ್ತಿದ ಹಣದಲ್ಲಿ ಯಂತ್ರ ಬರಬೇಕಿತ್ತು. ಹಾಗಾಗಿ ಪಟ್ಟಿ ಮಾಡುವ ಹೊಣೆ ನನ್ನ ಮೇಲೆ ಬಿತ್ತು.

ಒಂದು ವಾರ ಓದಿದೆ. ಮೂವತ್ತೆರಡು ಜಿಬಿ ರ‍್ಯಾಮ್ ಇರಬೇಕು, ಅದೂ ಹದಿನಾರರ ಜೋಡಿಯಾಗಿ. ಕೆಲಸ ನಡೆಯುತ್ತಿರುವ ದೃಶ್ಯಗಳಿಗೆ ಒಂದು ವೇಗದ ಎಸ್‌ಎಸ್‌ಡಿ, ಮುಗಿದದ್ದನ್ನು ಇಡಲು ದೊಡ್ಡ ಹಳೇ ರೀತಿಯ ಹಾರ್ಡ್ ಡಿಸ್ಕ್. ಒಂದು ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್. ಬಣ್ಣ ಸರಿಯಾಗಿ ತೋರಿಸುವ ಮಾನಿಟರ್. ಅವರ ಬೀದಿಯಲ್ಲಿ ಕರೆಂಟ್ ಹೇಳದೆ ಹೋಗುತ್ತದೆ, ಆದ್ದರಿಂದ ಯುಪಿಎಸ್ ಬೇಕೇ ಬೇಕು. ಪಟ್ಟಿ ಅಂದಾಜನ್ನು ಮೀರಿತು. ಎಲ್ಲಿ ಕಡಿಮೆ ಮಾಡಲಿ ಎಂದು ನೋಡುವಾಗ ಪ್ರೊಸೆಸರ್ ಕಣ್ಣಿಗೆ ಬಿತ್ತು.

ಒಂದೇ ಪ್ರೊಸೆಸರ್ ಎರಡು ಬಗೆಯಲ್ಲಿ ಸಿಗುತ್ತಿತ್ತು. ಒಂದರ ಒಳಗೇ ಸಣ್ಣ ಗ್ರಾಫಿಕ್ಸ್ ಭಾಗ ಇರುತ್ತದೆ. ಇನ್ನೊಂದರಲ್ಲಿ ಅದು ಇಲ್ಲ, ಬೆಲೆಯೂ ಕಡಿಮೆ. ದಾವಣಗೆರೆಯ ಕಂಪ್ಯೂಟರ್ ಅಂಗಡಿಯವರು ಕೇಳಿಯೂ ಕೇಳಿದರು.

"ಮೇಡಂ, ಗ್ರಾಫಿಕ್ಸ್ ಇರೋದು ಹಾಕ್ಲೋ, ಇಲ್ದಿರೋದು ಸಾಕೋ?"

"ಬೇರೆ ಗ್ರಾಫಿಕ್ಸ್ ಕಾರ್ಡೇ ಹಾಕ್ತಿದೀವಲ್ಲ. ಇಲ್ಲದ್ದೇ ಸಾಕು" ಎಂದೆ.

ಉಳಿದ ಹಣ ಯುಪಿಎಸ್‌ಗೆ ಹೋಯಿತು. ನಮ್ಮ ಡೆಸ್ಕಿನಲ್ಲಿ ಎರಡು ಕಡೆಯಿಂದ ಖಚಿತವಾಗದೆ ಒಂದು ಸಾಲೂ ಬುಲೆಟಿನ್‌ಗೆ ಹೋಗುವುದಿಲ್ಲ. ಅಂಗಡಿಯವರ ಪ್ರಶ್ನೆಗೆ ಮಾತ್ರ ನಾನು ಯಾರನ್ನೂ ಕೇಳದೆ ಉತ್ತರ ಕೊಟ್ಟಿದ್ದೆ.

ಭಾನುವಾರ ಯಂತ್ರ ಹರಿಹರಕ್ಕೆ ಬಂತು. ಅತ್ತಿಗೆ, ಅಂದರೆ ಕ್ಯಾಮೆರಾಮನ್‌ರ ಹೆಂಡತಿ, ನಡುಮನೆಯಲ್ಲಿ ಜಾಗ ಮಾಡಿದ್ದರು. ನಿಂತುಕೊಂಡೂ ಕೆಲಸ ಮಾಡಲು ಆಗಲೆಂದು ಕೀಬೋರ್ಡನ್ನು ಇಸ್ತ್ರಿ ಟೇಬಲ್ ಮೇಲೆ ಇಟ್ಟೆವು. ಮಾನಿಟರ್‌ಗೆ ಒಂದು ಕಬ್ಬಿಣದ ಟ್ರಂಕು. ಪಕ್ಕದಲ್ಲೇ ಮಲಗಲು ಚಾಪೆ. ಅತ್ತಿಗೆ ಕಂಪ್ಯೂಟರಿನ ಕ್ಯಾಬಿನೆಟ್‌ಗೆ ಮೂರು ಎಳೆ ವಿಭೂತಿ ಹಚ್ಚಿ, ಖಾಲಿ ಡಬ್ಬಗಳನ್ನೂ ಬಿಡದೆ ಒಂದೊಂದಕ್ಕೂ ಕುಂಕುಮ ಇಟ್ಟು, ಕಾಯಿ ಒಡೆದರು.

"ಡಬ್ಬಕ್ಕೆ ಯಾಕೆ? ಅದೇನ್ ಎಡಿಟಿಂಗ್ ಮಾಡ್ತೈತಾ?" ಎಂದು ಗಂಡ ಕೇಳಿದರು.

"ನೀವು ಸುಮ್ನಿರ್ರಿ. ಕ್ಯಾಮೆರಾ ಬ್ಯಾಗಿಗೂ ಹಚ್ತಿದ್ದೆ, ಅದೇನ್ ಫೋಟೋ ತೆಗೀತಿತ್ತಾ?"

ಕೆಲಸದ ಕ್ರಮ ಹೀಗಿತ್ತು. ಬೆಳಗಿನ ಚಿತ್ರೀಕರಣದ ಫುಟೇಜ್ ಇಂಟರ್ನೆಟ್‌ನಲ್ಲಿ ಕಳಿಸುವಷ್ಟು ಸಣ್ಣದಲ್ಲ. ಹಿಂದೆ ಪತ್ರಿಕೆಗಳಿಗೆ ಸುದ್ದಿಯ ಕವರು, ಫಿಲ್ಮ್ ರೋಲು ಬಸ್ಸಿನಲ್ಲೇ ಹೋಗುತ್ತಿದ್ದವು. ನಾವೂ ಅದನ್ನೇ ಮಾಡಿದೆವು. ಫುಟೇಜ್ ತುಂಬಿದ ಸಣ್ಣ ಡ್ರೈವನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿ ಬಟ್ಟೆ ಸುತ್ತಿಟ್ಟು, ಮಧ್ಯಾಹ್ನ ಒಂದರ ಬಸ್ಸಿನ ಪರಿಚಯದ ಕಂಡಕ್ಟರ್ ಕೈಗೆ ಕೊಡುವುದು. ಹರಿಹರ ಬಸ್ ನಿಲ್ದಾಣದಲ್ಲಿ ಅತ್ತಿಗೆ ಇಸಿದುಕೊಳ್ಳುವುದು. ಎಡಿಟ್ ಆದ ವರದಿ ಸಣ್ಣ ಫೈಲು, ಅದು ಇಂಟರ್ನೆಟ್‌ನಲ್ಲೇ ಬರುತ್ತದೆ.

ಸೋಮವಾರ ವರದಿ ಇಪ್ಪತ್ತು ನಿಮಿಷ ತಡವಾಗಿ ಬಂತು. ಮೊದಲ ದಿನ, ಇರಲಿ ಎಂದುಕೊಂಡೆ. ಮಂಗಳವಾರ ಬರುವ ಹೊತ್ತಿಗೆ ಬುಲೆಟಿನ್ ಶುರುವಾಗಿತ್ತು. "ದೃಶ್ಯ ಓಡ್ತಾ ಇಲ್ಲ, ತಡವರಿಸ್ತೈತೆ" ಎಂದು ಫೋನಿನಲ್ಲಿ ಹೇಳಿದರು. ಮೂಲ ದೃಶ್ಯದ ಹಗುರ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುವ ಒಂದು ಪದ್ಧತಿ ಉಂಟು. ಬುಧವಾರ ಅದನ್ನು ಮಾಡಿಸಿದೆ. ಮುಕ್ಕಾಲು ಗಂಟೆಯ ಫುಟೇಜ್‌ಗೆ ಹಗುರ ಪ್ರತಿ ಆಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ವರದಿ ಬಂದದ್ದು ಐದೂ ಐವತ್ತಕ್ಕೆ. ಆ ದಿನವೂ ತಪ್ಪಿತು.

ಬುಲೆಟಿನ್ ಮುಖ್ಯಸ್ಥರು ಕಾರಣ ಕೇಳಿದರು. ಬುಧವಾರದ ಟಿಪ್ಪಣಿಯಲ್ಲಿ ನಾನು ಬರೆದದ್ದು ಇಷ್ಟು: "ವಿಳಂಬ. ಎಡಿಟಿಂಗ್ ವೇಗ ಸಾಲದು. ರೂಢಿಯಾಗಲು ಸಮಯ ಬೇಕು." ಹೊಸ ಯಂತ್ರ, ಹೊಸ ಗ್ರಾಫಿಕ್ಸ್ ಕಾರ್ಡ್. ತಡವಾಗುವುದಿದ್ದರೆ ಕೈಯಿಂದಲೇ ಇರಬೇಕು ಎಂದು ನನಗೆ ಅನ್ನಿಸಿತ್ತು.

ಗುರುವಾರ ಡ್ರೈವ್ ತೆಗೆದುಕೊಂಡು ನಾನೇ ಒಂದರ ಬಸ್ ಹತ್ತಿದೆ. ನಾನು ಹೋದಾಗ ಅವರು ಇಸ್ತ್ರಿ ಟೇಬಲ್ ಮುಂದೆ ನಿಂತಿದ್ದರು. ಪಕ್ಕದಲ್ಲಿ ಒಂದು ನೋಟ್‌ಪುಸ್ತಕ. ಕೀಬೋರ್ಡಿನ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಎರಡು ಪುಟ ಬರೆದುಕೊಂಡಿದ್ದರು.

"ಬೆಳಗ್ಗೆ ಐದಕ್ಕೆ ಎದ್ದು ಹಳೇ ಫುಟೇಜ್ ಇಟ್ಕೊಂಡು ಕೈ ಪಳಗಿಸ್ಕೋತಾರೆ" ಎಂದರು ಅತ್ತಿಗೆ. "ಮಲಗಂಗಿಲ್ಲ, ಕೂಡಂಗಿಲ್ಲ. ಡಾಕ್ಟ್ರು ಹೇಳಿದ್ದು ಯಾರಿಗೋ ಅನ್ನಂಗೆ."

ಅವರು ಡ್ರೈವ್ ಚುಚ್ಚಿ ದೃಶ್ಯ ಓಡಿಸಿದರು. ಮಾರುಕಟ್ಟೆಯ ವರದಿ. ವ್ಯಾಪಾರಿ ಮಾತಾಡುತ್ತಿದ್ದ. ದನಿ ಓಡುತ್ತಿತ್ತು, ಮುಖ ನಿಂತಿತ್ತು. ಎರಡು ಸೆಕೆಂಡ್ ಆದ ಮೇಲೆ ಮುಖ ಒಮ್ಮೆಲೇ ಬೇರೆ ಕಡೆ ತಿರುಗಿತು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಅವರು ಒಂದೊಂದು ಜಾಗವನ್ನೂ ಮೂರು ಮೂರು ಸಲ ನೋಡಬೇಕಿತ್ತು.

"ತಂಗಿ, ಟಿಪ್ಪಣಿಯಾಗ ಏನಂತ ಬರ್ದೆ?"

ಸುಳ್ಳು ಹೇಳಲಾಗಲಿಲ್ಲ. "ವೇಗ ಸಾಲದು ಅಂತ ಬರ್ದಿದೀನಿ ಅಣ್ಣ."

"ಖರೆ ಐತೆ ಬಿಡು. ನನ್ ಕೈ ನಿಧಾನ. ಚಲೋ ಯಂತ್ರ ಕೊಡಿಸ್ದಿ, ಓಡಿಸೋನು ಸರಿ ಇಲ್ಲ." ಅವರು ನಗಲಿಲ್ಲ. "ಇನ್ನೊಂದೆರಡು ದಿನ ನೋಡಿ, ನಾನೇ ಬ್ಯಾಡ ಅಂತ ಬರ್ಕೊಡ್ತೀನಿ. ನಿನಗೆ ಅಲ್ಲಿ ಮುಜುಗರ ಬ್ಯಾಡ. ಈ ಕಂಪ್ಯೂಟರ್ ಅಂಗಡಿಯೋರು ವಾಪಸ್ ತಗೋತಾರಾ ಕೇಳು."

ಅತ್ತಿಗೆ ಒಲೆಯ ಮೇಲಿನ ಚಹಾ ಇಳಿಸಲು ಹೋದವರು ಅಲ್ಲೇ ನಿಂತರು. ಆ ದಿನದ ವರದಿಯೂ ತಪ್ಪಿತು.

ಸಂಜೆ ಅದೇ ಡ್ರೈವ್ ಹಿಡಿದು ಕಚೇರಿಗೆ ವಾಪಸ್ ಬಂದೆ. ಬೇರೆ ಸುದ್ದಿಗೆ ಆ ವ್ಯಾಪಾರಿಯ ಎರಡು ಮಾತು ಬೇಕಿತ್ತು. ಎಡಿಟಿಂಗ್ ಕೋಣೆ ಖಾಲಿ ಇರಲಿಲ್ಲ. ಸ್ಕ್ರಿಪ್ಟ್ ಟೈಪ್ ಮಾಡಲು ಇಟ್ಟಿರುವ ಹಳೇ ಕಂಪ್ಯೂಟರಿಗೆ ಡ್ರೈವ್ ಚುಚ್ಚಿದೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ. ರ‍್ಯಾಮ್ ಕಾಲು ಭಾಗ. ವ್ಯಾಪಾರಿಯ ಮುಖ ಎಲ್ಲೂ ನಿಲ್ಲದೆ ಸಲೀಸಾಗಿ ಓಡಿತು.

ಎರಡನೇ ಸಲ ಓಡಿಸಿದೆ. ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಪರದೆ ತೆರೆದೆ. ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್ ಭಾಗದ ಗೆರೆ ಮೇಲೇರಿತ್ತು. ಉಳಿದದ್ದೆಲ್ಲ ತಣ್ಣಗಿತ್ತು. ಹರಿಹರಕ್ಕೆ ಫೋನ್ ಮಾಡಿ, ಅದೇ ಪರದೆ ತೆರೆದು ನಿನ್ನೆಯ ದೃಶ್ಯ ಓಡಿಸಲು ಹೇಳಿದೆ.

"ಸಿಪಿಯು ನೂರಕ್ಕೆ ನೂರು ಅಂತೈತೆ" ಎಂದು ಪ್ರೊಸೆಸರಿನ ಸಾಲು ಓದಿದರು. "ಗ್ರಾಫಿಕ್ಸ್ ಕಾರ್ಡು... ಮೂರು. ಅದು ನಿದ್ದಿ ಮಾಡ್ತೈತೆ ನೋಡು."

ಮದುವೆ ವಿಡಿಯೊ ಎಡಿಟ್ ಮಾಡುವ ಒಬ್ಬರು ದಾವಣಗೆರೆಯಲ್ಲಿ ನನಗೆ ಪರಿಚಯ. ಅವರಿಗೆ ಫೋನ್ ಮಾಡಿ ನಮ್ಮ ಕ್ಯಾಮೆರಾ ಯಾವುದು, ಅದರ ಸೆಟ್ಟಿಂಗ್ ಏನು ಎಂದು ಹೇಳಿದೆ. ಅವರಿಗೆ ಯೋಚಿಸಲು ಸಮಯವೇ ಬೇಕಾಗಲಿಲ್ಲ.

"ಮೇಡಂ, ಆ ಕ್ಯಾಮೆರಾ ಬಣ್ಣ ಜಾಸ್ತಿ ಉಳಿಸ್ಕೊಂಡು ಬಿಗಿಯಾಗಿ ಮಡಿಚಿ ಇಡ್ತೈತೆ. ಅದನ್ನ ಬಿಚ್ಚಕ್ಕೆ ಪ್ರೊಸೆಸರ್‌ನಾಗಿನ ಗ್ರಾಫಿಕ್ಸ್‌ಗೆ ಬರ್ತೈತೆ. ನೀವು ತಗೊಂಡಿರೋ ಕಾರ್ಡಿಗೆ ಬರಲ್ಲ. ಅದು ಆಟ ಆಡೋ ಹುಡುಗ್ರಿಗೆ ಚಲೋ. ನಿಮ್ ಪ್ರೊಸೆಸರ್ ಯಾವ್ದು?"

ಹೇಳಿದೆ.

"ಅಯ್ಯೋ, ಗ್ರಾಫಿಕ್ಸ್ ಇಲ್ದಿರೋದಾ? ಹಂಗಾರೆ ಪಾಪ, ಅದು ಒಂದೊಂದ್ ಚಿತ್ರನೂ ಬರಿಗೈಯಾಗ ಬಿಚ್ತಾ ಕುಂತೈತೆ. ಎಡಿಟ್ ಮಾಡೋರು ಯಾರಾದ್ರೂ ಅಷ್ಟೇ, ಆಗಲ್ಲ ಅದು."

ಎಡಿಟ್ ಮಾಡೋರು ಯಾರಾದರೂ ಅಷ್ಟೇ ಎಂಬ ಮಾತನ್ನು ಕಾಗದದ ಮೇಲೆ ಬರೆದುಕೊಂಡೆ. ಕ್ಯಾಮೆರಾದ ಸೆಟ್ಟಿಂಗ್ ಬದಲಿಸಿದರೂ ಸಮಸ್ಯೆ ಹೋಗುತ್ತಿತ್ತು. ಆದರೆ ಎಲ್ಲ ಜಿಲ್ಲೆಯ ದೃಶ್ಯಗಳೂ ಒಂದೇ ಬಣ್ಣದಲ್ಲಿ ಬರಲೆಂದು ಆ ಸೆಟ್ಟಿಂಗ್ ಕೇಂದ್ರ ಕಚೇರಿಯೇ ಗೊತ್ತುಮಾಡಿದ್ದು. ನಾವು ಮುಟ್ಟುವಂತಿರಲಿಲ್ಲ. ಪ್ರೊಸೆಸರ್ ಬದಲಿಸುವುದೊಂದೇ ದಾರಿ.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿತ್ತು. ಯಂತ್ರ ಸದ್ದಿಲ್ಲದೆ ಸರಿಮಾಡಿ, ಇನ್ನು ಮುಂದೆ ರೂಢಿಯಾಯಿತು ಎಂದು ಟಿಪ್ಪಣಿ ಬರೆದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮಾರು ಹೊತ್ತು ಹಾಗೆ ಮಾಡುವ ಬಗ್ಗೆಯೇ ಯೋಚಿಸಿದೆ. ಡೆಸ್ಕ್ ನಡೆಸುವವಳಿಗೆ ಕಂಪ್ಯೂಟರ್ ಆರಿಸಲು ಬರುವುದಿಲ್ಲ ಎಂದು ಕೇಂದ್ರ ಕಚೇರಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಆದರೆ ಒಬ್ಬ ಮನುಷ್ಯನ ಹೆಸರಿನ ಮುಂದೆ ತಪ್ಪು ಸಂಗತಿ ದಾಖಲಾಗಿತ್ತು, ಅವರು ಅದನ್ನು ನಂಬಿಯೂ ಬಿಟ್ಟಿದ್ದರು. ಸುದ್ದಿಯಲ್ಲಿ ಹಾಗಾದರೆ ನಾವು ತಿದ್ದುಪಡಿ ಹಾಕುತ್ತೇವೆ. ಶುಕ್ರವಾರ ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಬರೆದೆ.

"ತಿದ್ದುಪಡಿ: ಮೊದಲ ನಾಲ್ಕು ದಿನಗಳ ವಿಳಂಬಕ್ಕೆ ಎಡಿಟಿಂಗ್ ವೇಗ ಕಾರಣವಲ್ಲ. ನಮ್ಮ ಕ್ಯಾಮೆರಾದ ಫೈಲುಗಳಿಗೆ ಹೊಂದದ ಪ್ರೊಸೆಸರ್ ಕಾರಣ. ಅದನ್ನು ಆರಿಸಿದ್ದು ನಾನು. ಬುಧವಾರದ ಟಿಪ್ಪಣಿ ತಪ್ಪು. ಪರೀಕ್ಷೆಯ ದಿನಗಳನ್ನು ಹೊಸದಾಗಿ ಎಣಿಸಬೇಕೆಂದು ಕೋರುತ್ತೇನೆ."

ಕಳಿಸಿ ಅಂಗಡಿಗೆ ಹೋದೆ. ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು.

"ನಾ ಅವತ್ತೇ ಕೇಳ್ದೆ ನೋಡ್ರಿ."

"ಕೇಳಿದ್ರಿ. ನಾನೇ ಬೇಡ ಅಂದೆ."

"ಆತು ಬಿಡ್ರಿ. ಸೀಲ್ ಒಡೆದಿದ್ದು ವಾಪಸ್ ತಗಳಂಗಿಲ್ಲ, ಕಂಪನಿ ರೂಲ್ಸು. ಹಳೇ ಮಾಲು ಅಂತ ತಗೊಂಡು ಬದ್ಲಿ ಕೊಡ್ತೀನಿ. ವ್ಯತ್ಯಾಸ ಎಷ್ಟಾಗ್ತೈತೋ ಕೊಡ್ರಿ. ಡಬ್ಬ ಐತಲ್ಲ?"

ವ್ಯತ್ಯಾಸ ನಾನು ಕೊಟ್ಟೆ. ಡಬ್ಬ ಇದೆಯೇ ಎಂದು ಕೇಳಲು ಹರಿಹರಕ್ಕೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. ಡಬ್ಬ ಇತ್ತು. ಆದರೆ ಇನ್ನೊಂದು ತೊಡಕು ಬಂತು.

"ಇವತ್ತು ಶುಕ್ರವಾರ ಅಲ್ರಿ ಮೇಡಂ. ಪೂಜೆ ಮಾಡಿದ್ದನ್ನ ಶುಕ್ರವಾರ ಹೊಸ್ತಿಲು ದಾಟಿಸ್ಲಾ? ನಾಳೆ ಒಯ್ರಿ. ಕೈ ಮುಗೀತೀನಿ, ಇವತ್ತು ಬ್ಯಾಡ. ಮೊದ್ಲೇ ಮನ್ಯಾಗ ಹಿಂಗಾಗೈತೆ."

ಒಂದು ದಿನ ತಪ್ಪಿದರೆ ಐದನೇ ವರದಿಯೂ ಹೋಗುತ್ತಿತ್ತು. ಇದನ್ನು ಅಂಗಡಿಯವರಿಗೆ ಹೇಗೆ ಹೇಳುವುದು ಎಂದು ಮುಜುಗರವಾಯಿತು. ಹೇಳಿದೆ. ಅವರು ಗಲ್ಲಾ ಪೆಟ್ಟಿಗೆಯ ಮೇಲಿನ ಫೋಟೊಗೆ ಆಗಷ್ಟೇ ಹಾಕಿದ್ದ ಹೂವಿನ ಸರ ತೋರಿಸಿದರು.

"ಅವರು ಹೇಳೋದು ಸರಿ ಐತೆ. ನಮ್ಮನ್ಯಾಗೂ ಶುಕ್ರವಾರ ಮೊಸರಿನ ಹೆಪ್ಪು ಸೈತ ಹೊರಗೆ ಕೊಡಲ್ಲ. ಒಂದ್ ಕೆಲ್ಸ ಮಾಡಾಣ. ಹೊಸದು ಇವತ್ತು ಒಳಗೆ ಹೋಗ್ಲಿ. ಹಳೇದು ಅಲ್ಲೇ ಇರ್ಲಿ. ನಾಳೆ ನಿಮ್ಮ ಊಟದ ಡಬ್ಬಿ ವಾಪಸ್ ಬರೋವಾಗ ಅದ್ರ ಜೊತಿಗೆ ಬಸ್ಸಿಗೆ ಕಳಿಸ್ರಿ."

"ನಂಬ್ತೀರಾ?"

"ಕುಂಕುಮ ಹಚ್ಚಿ ಇಟ್ಟೋರು ಎಲ್ಲಿ ಓಡಿ ಹೋಗ್ತಾರ್ರಿ. ನಡೀರಿ, ನಾನೇ ಬರ್ತೀನಿ. ಮಧ್ಯಾಹ್ನ ಗಿರಾಕಿ ಇರಲ್ಲ."

ಒಂದರ ಬಸ್ಸಿಗೆ ಇಬ್ಬರೂ ಹೊರಟೆವು. ಅವರ ತೊಡೆಯ ಮೇಲೆ ಪ್ರೊಸೆಸರ್, ನನ್ನ ತೊಡೆಯ ಮೇಲೆ ಆ ದಿನದ ಫುಟೇಜ್. ಮನೆ ಮುಟ್ಟಿದಾಗ ಎರಡು ಗಂಟೆಗೆ ಹತ್ತು ನಿಮಿಷ ಇತ್ತು.

ನಾನು ಮೊದಲು ಕ್ಯಾಮೆರಾಮನ್ ಜೊತೆ ಮಾತಾಡಿದೆ. ತಡವಾದದ್ದು ನಿಮ್ಮ ಕೈಯಿಂದಲ್ಲ, ನಾನು ಆರಿಸಿದ ಪ್ರೊಸೆಸರಿನಿಂದ, ಬೆಳಿಗ್ಗೆ ಹಾಗೆಂದೇ ಬರೆದು ಕಳಿಸಿದ್ದೇನೆ ಎಂದೆ. ಅವರು ಚಾಪೆಯ ಮೇಲೆ ಮಲಗಿದ್ದವರು ಮೆಲ್ಲಗೆ ಪಕ್ಕಕ್ಕೆ ತಿರುಗಿ, ಕೈಯೂರಿ ಎದ್ದರು.

"ಅಂದ್ರೆ ನಾನು ನಿಧಾನ ಅಲ್ಲ?"

"ಅದು ಇನ್ನೂ ಗೊತ್ತಿಲ್ಲ ಅಣ್ಣ. ಇವತ್ತು ಗೊತ್ತಾಗ್ತದೆ."

ಅದಕ್ಕೆ ಮಾತ್ರ ನಕ್ಕರು. "ಹೌದ್ ಬಿಡು. ಡೆಸ್ಕಿನೋಳು ಡೆಸ್ಕಿನೋಳೇ."

ಅಂಗಡಿಯವರು ಕ್ಯಾಬಿನೆಟ್ ಬಿಚ್ಚಿದರು. ಒಳಗೆಲ್ಲ ಬೂದುಬಣ್ಣದ ಪುಡಿ.

"ಏನಮ್ಮಾ, ಫ್ಯಾನಿಗೂ ವಿಭೂತಿ ಹಚ್ಚೀರೇನು?"

"ಅದು ಎದುರಿಗೇ ಇತ್ತಲ್ಲ, ಅದನ್ನೊಂದೇ ಹೆಂಗೆ ಬಿಡದು?"

"ಇಲ್ಲ, ಚಲೋ ಆತು. ಅದು ತಿರುಗಿದಂಗೆಲ್ಲ ಒಳಗಿರೋರಿಗೆಲ್ಲ ಪ್ರಸಾದ ಹಂಚೈತೆ." ಬ್ರಷ್ ತೆಗೆದು ಒರೆಸಿದರು. ಹಳೇ ಪ್ರೊಸೆಸರ್ ತೆಗೆದು ಅದರ ಡಬ್ಬಕ್ಕೆ ಹಾಕಿ ಅತ್ತಿಗೆಯ ಕೈಗೇ ಕೊಟ್ಟರು. ಅವರು ಅದನ್ನು ದೇವರ ಗೂಡಿನ ಪಕ್ಕ ಇಟ್ಟರು. ಹೊಸದನ್ನು ಕೂರಿಸಿ, ಬಿಸಿ ಎಳೆಯುವ ಪೇಸ್ಟ್ ಕಾಳಿನಷ್ಟು ಹಚ್ಚಿ, ಫ್ಯಾನ್ ಬಿಗಿದರು. ಎರಡೂವರೆಗೆ ಯಂತ್ರ ಶುರುವಾಯಿತು.

ದೃಶ್ಯ ಓಡಿಸಿದರು. ದನಿ ಓಡಿತು. ಮುಖ ನಿಂತಿತು. ಮೊದಲಿನಂತೆಯೇ.

ಕ್ಯಾಮೆರಾಮನ್ ನನ್ನ ಕಡೆ ನೋಡಲಿಲ್ಲ, ನನಗೆ ನೋವಾಗದಿರಲೆಂದು ಬೇಕಂತಲೇ ಕಿಟಕಿಯ ಕಡೆ ನೋಡುತ್ತಿದ್ದರು. ಅಂಗಡಿಯವರು ಯಂತ್ರವನ್ನು ಎರಡು ಸಲ ಆರಿಸಿ ಮತ್ತೆ ಹಚ್ಚಿದರು. ನಾನು ಮದುವೆ ವಿಡಿಯೊದವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಬೇರೆ ಕಾರ್ಡ್ ಇದ್ರೆ ಒಳಗಿನ ಗ್ರಾಫಿಕ್ಸ್‌ನ ಮದರ್‌ಬೋರ್ಡೇ ಮಲಗಿಸಿಬಿಡ್ತೈತೆ ಮೇಡಂ" ಎಂದರು. "ಶುರುವಾಗುವಾಗ ಸೆಟ್ಟಿಂಗ್ ಒಳಗೆ ಹೋಗಿ ಎಬ್ಬಿಸ್ರಿ. ಎರಡೂ ಇರ್ಲಿ ಅಂತ ಒಂದು ಸಾಲು ಇರ್ತೈತೆ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನಾಗೂ ಅದಕ್ಕೆ ಟಿಕ್ ಹಾಕ್ರಿ."

ಅಂಗಡಿಯವರು ಹಣೆ ಬಡಿದುಕೊಂಡರು. ಆ ಸಾಲು ಹುಡುಕಲು ಹತ್ತು ನಿಮಿಷ ಹಿಡಿಯಿತು. ಯಂತ್ರ ಮತ್ತೆ ಶುರುವಾದಾಗ ಮೂರೂ ಐದು.

ಕ್ಯಾಮೆರಾಮನ್ ಟೇಬಲ್ ಮುಂದೆ ನಿಂತು ಗುಂಡಿ ಒತ್ತಿದರು. ಭತ್ತದ ಚೀಲ ಹೊತ್ತವನೊಬ್ಬ ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಡೆಯಿಲ್ಲದೆ ನಡೆದುಹೋದ. ಅವರು ಮತ್ತೆ ಮೊದಲಿಂದ ಓಡಿಸಿದರು. ಅವನು ಮತ್ತೆ ನಡೆದ.

"ಎಲ್ರೂ ಸ್ವಲ್ಪ ಆ ಕಡೆ ಹೋಗ್ರಿ" ಎಂದರು.

ನಾವು ಮೂವರೂ ಅಡುಗೆಮನೆಗೆ ಹೋದೆವು. ಅತ್ತಿಗೆ ಮಂಡಕ್ಕಿ ಒಗ್ಗರಣೆ ಹಾಕಿದರು. ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಿನಿಂದ ಇಣುಕಿದೆ. ಅವರಿಗೆ ಇಡೀ ಫುಟೇಜ್ ನೋಡುವ ಅಗತ್ಯವೇ ಇರಲಿಲ್ಲ. ಚಿತ್ರೀಕರಿಸುವವನು ಮೊದಲು ಅಗಲದ ದೃಶ್ಯ ತೆಗೆಯುತ್ತಾನೆ, ಜನ ಕ್ಯಾಮೆರಾ ಮರೆಯುವುದು ನಾಲ್ಕೈದು ನಿಮಿಷದ ಮೇಲೆ ಎಂದು ಅವರಿಗೆ ಗೊತ್ತು. ನೇರ ಅಲ್ಲಿಗೇ ಹೋಗಿ ಎತ್ತುತ್ತಿದ್ದರು. ವರದಿ ನಾಲ್ಕೂ ನಲವತ್ತಕ್ಕೆ ಹೋಯಿತು.

ಸಂಜೆ ಕೇಂದ್ರ ಕಚೇರಿಯ ಉತ್ತರ ಬಂತು. ತಿದ್ದುಪಡಿಯನ್ನು ದಾಖಲಿಸಿಕೊಂಡಿದ್ದೇವೆ, ದಿನಗಳನ್ನು ಹೊಸದಾಗಿ ಎಣಿಸಲಾಗುವುದಿಲ್ಲ, ಉಳಿದ ದಿನಗಳಲ್ಲಿ ಒಂದು ತಪ್ಪಿದರೂ ಪರೀಕ್ಷೆ ಮುಗಿದಂತೆ. ಮುಂದಿನ ಸಲ ಯಂತ್ರದ ಆಯ್ಕೆಯನ್ನು ತಾಂತ್ರಿಕ ವಿಭಾಗಕ್ಕೆ ಬಿಡಬೇಕು ಎಂಬ ಸಾಲು ನನಗಾಗಿ ಇತ್ತು. ನ್ಯಾಯವಾದ ಮಾತೇ.

ಇನ್ನುಳಿದದ್ದು ಏಳು ದಿನ. ಶನಿವಾರ ಹಳೇ ಪ್ರೊಸೆಸರ್ ಕುಂಕುಮದ ಡಬ್ಬದಲ್ಲಿ ಅಂಗಡಿ ತಲುಪಿತು. ಮುಂದಿನ ವಾರದಲ್ಲಿ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ತಡೆಯಿತು. ಮಂಗಳವಾರ ಕ್ಯಾಮೆರಾಮನ್‌ರಿಂದ ಫೋನ್ ಬಂತು. ತಮ್ಮ ಜಾಗದಲ್ಲಿ ಈಗ ಚಿತ್ರೀಕರಿಸುವ ಹೊಸ ಹುಡುಗನ ನಂಬರ್ ಕೇಳಿದರು. ಏನೆಂದು ಹೇಳಿದಿರಿ ಎಂದು ಆಮೇಲೆ ವಿಚಾರಿಸಿದರೆ, "ಶಾಟ್ ಹತ್ತು ಸೆಕೆಂಡ್ ಹಿಡಿಯಪ್ಪಾ, ನಿನ್ ಕೈಗೇನು ಇರುವೆ ಕಚ್ತಾವಾ ಅಂದೆ" ಎಂದರು.

ಹನ್ನೆರಡನೇ ದಿನ ಹರಿಹರದ ದಾರಿಯಲ್ಲಿ, ಬಾತಿ ಊರಿನ ಹತ್ತಿರ ಲಾರಿಯೊಂದು ಅಡ್ಡ ನಿಂತು ರಸ್ತೆ ಕಟ್ಟಿತು. ಡ್ರೈವ್ ಹರಿಹರ ತಲುಪಿದಾಗ ಮೂರೂ ಐವತ್ತು. ಅತ್ತಿಗೆ ನಿಲ್ದಾಣದಿಂದ ಆಟೊ ಹಿಡಿದರು. ನಾನು ಡೆಸ್ಕಿನಲ್ಲಿ ಬೇರೆ ಸುದ್ದಿ ತಿದ್ದುತ್ತಾ, ತಿದ್ದಿದ ಸಾಲನ್ನೇ ಮತ್ತೆ ತಿದ್ದುತ್ತಾ ಕುಳಿತೆ. ಫೋನ್ ಮಾಡಲಿಲ್ಲ. ಮಾಡಿದರೆ ಎತ್ತಲು ಕ್ಯಾಮೆರಾಮನ್ ಕೀಬೋರ್ಡಿನಿಂದ ಕೈ ತೆಗೆಯಬೇಕಾಗುತ್ತಿತ್ತು. ನಾಲ್ಕೂ ಐವತ್ತೆರಡಕ್ಕೆ ಫೈಲು ಬಂತು. ತೆರೆದು ಪೂರ್ತಿ ನೋಡಿದೆ. ತಿದ್ದಲು ಏನೂ ಇರಲಿಲ್ಲ. ಆ ದಿನದ ಟಿಪ್ಪಣಿಯಲ್ಲಿ ಸಮಯವನ್ನಷ್ಟೇ ಬರೆದೆ.

ಸೋಮವಾರ ಮಧ್ಯಾಹ್ನ ಗುತ್ತಿಗೆ ಮುಂದುವರಿಸಿದ ಪತ್ರ ಬಂತು. ಫೋನ್ ಮಾಡಿ, ಪತ್ರ ಬಂದಿದೆ ಅಣ್ಣ, ಓದಲಾ ಎಂದು ಕೇಳಿದೆ. ಅವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ನಾನು ಓದಿದೆ. ಅತ್ತಿಗೆ ನಡುಮನೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು.

"ಒಂದ್ ವರ್ಷಕ್ಕೆ ಮುಂದುವರ್ಸ್ಯಾರಂತೆ ರೀ."

"ಕೇಳಿಸ್ತು" ಎಂದಿತು ಒಳಗಿನ ದನಿ. "ಫೋನ್ ಇಟ್ಟು ನಿಲ್ದಾಣಕ್ಕೆ ನಡಿ. ಬಸ್ ಬರೋ ಹೊತ್ತಾತು."